ತಿರುಗಿ ಬರುವ ಚೀಲ

ಇಯರ್‌ಫೋನ್ ಹಾಕ್ಕೊಂಡು ಜಿಮ್‌ಗೆ ಹೊರಟಿದ್ರೆ, ಇವತ್ತಿನ ಕಥೆ ನಿಮಗೇ.

ಕಳೆದ ವರ್ಷ ಕಿಕ್‌ಬಾಕ್ಸಿಂಗ್ ಕ್ಲಾಸ್ ಸೇರಿದೆ. ಮೊದಲ ದಿನವೇ ಹೆವಿ ಬ್ಯಾಗ್‌ಗೆ ಜೋರಾಗಿ ಒಂದು ಒದೆ ಕೊಟ್ಟು ಹೀರೋ ಥರ ನಿಂತೆ. ಬ್ಯಾಗ್ ಆ ಕಡೆ ಹೋಯ್ತು, ವಾಪಸ್ ಬಂತು, ನನ್ನನ್ನೇ ಕೆಡವಿತು. ಎಲ್ಲರೂ ನಕ್ಕರು. ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಮನೇಲಿ ಕೂತು ಈ ಚೀಲದ ಚರಿತ್ರೆ ಓದೋಕೆ ಶುರು ಮಾಡಿದೆ.

ಪ್ರಾಚೀನ ಗ್ರೀಕರು ಇದನ್ನ ‘ಕೋರಿಕೋಸ್’ ಅಂತಿದ್ರು. ಚಾವಣಿಯಿಂದ ನೇತುಹಾಕಿದ ಚೀಲ. ಮೈ ಗಟ್ಟಿ ಇಲ್ಲದವರಿಗೆ ಅಂಜೂರದ ಬೀಜ ಅಥವಾ ಹಿಟ್ಟು ತುಂಬೋರು, ಗಟ್ಟಿಗರಿಗೆ ಮರಳು. ಇದಕ್ಕೇ ಒಂದು ಕೋಣೆಯೂ ಇತ್ತು. ಕ್ರಿ.ಪೂ. 1ನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಗ್ರೀಕ್ ವ್ಯಾಯಾಮಶಾಲೆಯ ನಕ್ಷೆ ವಿವರಿಸುವಾಗ ಅದನ್ನು ಹೆಸರಿಸಿದ್ದಾನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ರಿ.ಶ. 3ನೇ ಶತಮಾನದ ಫಿಲೊಸ್ಟ್ರಾಟಸ್ ಬರೆದದ್ದು. ಬಾಕ್ಸರ್‌ಗಳಿಗೆ ಹಗುರ ಚೀಲ ಸಾಕು, ಅವರಿಗೆ ಬೇಕಿರೋದು ಕೈಯ ಅಭ್ಯಾಸ ಮಾತ್ರ. ಆದ್ರೆ ಪ್ಯಾಂಕ್ರೇಷನ್ ಆಡೋರಿಗೆ, ಅಂದ್ರೆ ಗುದ್ದಾಟ ಮತ್ತು ಕುಸ್ತಿ ಎರಡೂ ಸೇರಿದ ಆಟದವರಿಗೆ, ದೊಡ್ಡ, ಭಾರದ ಚೀಲ. ಯಾಕೆ? ಅದು ನುಗ್ಗಿ ಬರುವಾಗ ಎದುರು ನಿಂತು, ಕಾಲು ಕದಲದ ಹಾಗೆ ನೋಡ್ಕೊಳ್ಳೋಕೆ. ಅಂದ್ರೆ ವಾಪಸ್ ಬರೋದೇ ಅದರ ಕೆಲಸ! ಬಿ.ಕಾಂ. ಓದಿದ ನನಗೆ ಡೆಬಿಟ್ ಆದ್ಮೇಲೆ ಕ್ರೆಡಿಟ್ ಇರುತ್ತೆ ಅನ್ನೋದು ಗೊತ್ತಿರಬೇಕಿತ್ತು. ನಾನು ಒದೆಯೋದನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ.

ಇನ್ನೊಂದು ವಿಷಯ. ರೋಮ್‌ನ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿ ಕ್ರಿ.ಪೂ. 4ನೇ ಶತಮಾನದ ಒಂದು ಕಂಚಿನ ಪೆಟ್ಟಿಗೆ ಇದೆ, ಹೆಸರು ಫಿಕೊರೋನಿ ಸಿಸ್ಟಾ. ಒಬ್ಬ ತಾಯಿ ಮಗಳಿಗೆ ಕೊಟ್ಟ ಉಡುಗೊರೆ ಅಂತ ಅದರ ಮೇಲೇ ಕೆತ್ತಿದೆ. ಅದರ ಚಿತ್ರದಲ್ಲಿ ಯುವಕನೊಬ್ಬ ನೇತಾಡೋ ಚೀಲಕ್ಕೆ ಗುದ್ದುತ್ತಿದ್ದಾನೆ. ಹತ್ತಿರದಲ್ಲೇ ಕೂತ ಮುದುಕ ಸೈಲೀನಸ್, ತನ್ನ ಡೊಳ್ಳುಹೊಟ್ಟೆ ಬಡಿದುಕೊಂಡು ಅವನನ್ನ ಅಣಕಿಸ್ತಿದ್ದಾನೆ!

ಸುಮಾರು 2,300 ವರ್ಷದ ಹಿಂದೆಯೂ ಚೀಲದ ಪಕ್ಕ ನಗೋನು ಒಬ್ಬ ಇದ್ದ. ಆ ಯುವಕ ಮಾತ್ರ ಗುದ್ದೋದು ನಿಲ್ಲಿಸಿಲ್ಲ. ಮರುದಿನವೇ ನಾನು ಕ್ಲಾಸಿಗೆ ವಾಪಸ್ ಹೋದೆ. ಈಗ ಒದ್ದ ತಕ್ಷಣ ಕಾಲನ್ನ ನೆಲಕ್ಕೆ ಊರ್ತೀನಿ, ಗಲ್ಲದ ಹತ್ತಿರ ಕೈ ತರ್ತೀನಿ, ಬ್ಯಾಗ್ ಬರೋದನ್ನ ಕಾಯ್ತೀನಿ. ಒಮ್ಮೊಮ್ಮೆ ಈಗಲೂ ತಳ್ಳಿಸಿಕೊಳ್ತೀನಿ.

ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಹಾಗೇ ಬಿದ್ದಳು. ನಾನು ನಗಲಿಲ್ಲ. ಕೈ ಕೊಟ್ಟು ಎಬ್ಬಿಸಿ, ಆ ಕಂಚಿನ ಪೆಟ್ಟಿಗೆಯ ಕಥೆ ಹೇಳಿದೆ. ನಿಮ್ಮ ಪಕ್ಕ ಯಾರಾದ್ರೂ ಬಿದ್ರೆ ನೀವೂ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.