ಅಮ್ಮನ ಕ್ಯಾಲೆಂಡರ್

ಅಮ್ಮನಿಗೆ ಇಸವಿ ನೆನಪಿರಲ್ಲ. "ದೊಡ್ಡಮಾವ ಕೆಲಸಕ್ಕೆ ಸೇರಿದ್ದು ಯಾವಾಗ?" ಅಂದ್ರೆ, "ಕೋಟೆ ಹೈಸ್ಕೂಲಲ್ಲಿ ಭೀಮಸೇನ ಜೋಶಿ ಹಾಡಿದ ವರ್ಷ ಕಣೋ" ಅಂತಾಳೆ.

ಅವಳ ತವರು ಚಾಮರಾಜಪೇಟೆ. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಶುರುಮಾಡಿದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತ ಕಚೇರಿಗಳು ಆ ಮೈದಾನದ ಚಪ್ಪರದಲ್ಲಿ ತಿಂಗಳಿಡೀ ನಡೆಯುತ್ತಿದ್ದವು. ಟಿಕೆಟ್‌ಗೆ ದುಡ್ಡಿಲ್ಲದವರಿಗೆ ಹೊರಗಿನ ರಸ್ತೆಯೇ ಸಭಾಂಗಣ. ಅಜ್ಜಿ ಚಾಪೆ ಹಿಡಿದು, ಮಕ್ಕಳನ್ನು ಕರಕೊಂಡು ಕಾಂಪೌಂಡ್ ಪಕ್ಕ ಕೂರುತ್ತಿದ್ದರಂತೆ.

ಮದುವೆಯಾಗಿ ನಮ್ಮ ಹಳ್ಳಿಗೆ ಬಂದಮೇಲೆ ಆ ಕ್ಯಾಲೆಂಡರ್ ನಿಂತುಹೋಯ್ತು. ನಾನು ಹುಟ್ಟಿದ್ದು ಬರೀ "ಮಳೆ ಕೈಕೊಟ್ಟ ವರ್ಷ".

ಹೋದ ವರ್ಷ ಟಿಕೆಟ್ ತಗೊಂಡು ಅವಳನ್ನು ಅಲ್ಲಿಗೇ ಕರಕೊಂಡು ಹೋದೆ. ಮುಂದಿನ ಸಾಲಲ್ಲಿ ಕೂತು ಮೆಲ್ಲಗೆ ಕೇಳಿದಳು: "ನೀನು ಹುಟ್ಟಿದ ವರ್ಷ ಇಲ್ಲಿ ಯಾರು ಹಾಡಿದ್ರೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ.