ಆಣೆಗೆ ದೊರೆತ ಕಾಲಾವಕಾಶ

1957ರ ಏಪ್ರಿಲ್ 1ರಂದು ಭಾರತದ ರೂಪಾಯಿ ಹದಿನಾರಾಣೆಯ ಲೆಕ್ಕವನ್ನು ಬಿಟ್ಟು ನೂರು ಪೈಸೆಯ ಲೆಕ್ಕಕ್ಕೆ ಬಂದಿತು. ಅಲ್ಲಿಯವರೆಗೆ ಒಂದು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಹಳೆಯ ಪೈಸೆಯೊಡನೆ ಗೊಂದಲವಾಗದಿರಲೆಂದು ಹೊಸದಕ್ಕೆ ‘ನಯಾ ಪೈಸೆ’ ಎಂದು ಹೆಸರಿಟ್ಟರು. ಇದಕ್ಕೆ ಬೇಕಾದ ಕಾನೂನು 1955ರಲ್ಲಿಯೇ ಸಿದ್ಧವಾಗಿತ್ತು. ಹೊಸ ನಾಣ್ಯ ಬಂದ ಮೇಲೂ ಆಣೆ ಕೂಡಲೇ ಅಮಾನ್ಯವಾಗಲಿಲ್ಲ. ಎರಡೂ ಕೆಲಕಾಲ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಜತೆಯಾಗಿದ್ದವು.

ತೊಡಕಿದ್ದುದು ಚಿಲ್ಲರೆಯಲ್ಲಿ. ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆಗೆ ನಾಣ್ಯವಿಲ್ಲ. ಆದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಕೋಷ್ಟಕ ಮಾಡಿದರು. ಒಂದಾಣೆಯ ಸಾಮಾನನ್ನು ನಾಲ್ಕು ಸಲ ಬಿಡಿಯಾಗಿ ಕೊಂಡವನಿಗೆ 24 ಪೈಸೆಯೇ ಸಾಕು. ಅಂಗಡಿಯವನಿಗೆ ಒಂದು ಪೈಸೆ ನಷ್ಟ! ಆದರೂ ಲೆಕ್ಕ ಎಲ್ಲರ ಕಣ್ಣೆದುರಿಗಿತ್ತು.

ತೂಕದಲ್ಲಿಯೂ ಇದೇ ಕ್ರಮ. 1956ರ ಕಾಯಿದೆಯ ಮೇರೆಗೆ 1958ರ ಅಕ್ಟೋಬರಿನಲ್ಲಿ ಆಯ್ದ ಪ್ರದೇಶಗಳಲ್ಲಿ ಕಿಲೋಗ್ರಾಂ ಬಂದಿತು. ದೇಶದಾದ್ಯಂತ ಕಡ್ಡಾಯವಾದುದು 1962ರ ಏಪ್ರಿಲಿನಲ್ಲಿ. ಎಂಬತ್ತು ತೊಲೆಯ ಸೇರು ಸುಮಾರು 933 ಗ್ರಾಂ ಆದುದರಿಂದ, ಕಿಲೋ ಅದಕ್ಕಿಂತ ತುಸು ಹೆಚ್ಚು. ಅಕ್ಕಿಯನ್ನು ಮುಡಿ, ಕಳಸೆ, ಸೇರುಗಳಲ್ಲಿ ಅಳೆಯುತ್ತಿದ್ದ ನಮ್ಮ ಕಾಸರಗೋಡಿನ ಕಡೆಯವರಿಗೆ ಇದು ಸಣ್ಣ ಬದಲಾವಣೆಯಲ್ಲ; ಆದರೆ ಕಲಿಯಲು ವರುಷಗಳೇ ಇದ್ದವು.

ಅದೇ ಕಾಲದಲ್ಲಿ ಇನ್ನೊಂದು ಬದಲಾವಣೆ ನಡೆಯಿತು. ನಯಾ ಪೈಸೆ ಬರುವ ಐದು ತಿಂಗಳ ಮುಂಚೆ, 1956ರ ನವೆಂಬರ್ 1ರಂದು, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದುದು ಆಗಸ್ಟ್ 31ರಂದು; ನಡುವೆ ಎರಡೇ ತಿಂಗಳು. ಸಂವಿಧಾನದ ಏಳನೆಯ ತಿದ್ದುಪಡಿ ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಆಶ್ವಾಸನೆ ನೀಡಿತು, ನಿಜ, ಅದನ್ನು ಕಡೆಗಣಿಸಲಾಗದು. ಆದರೆ ಕಚೇರಿಗೆ ಅರ್ಜಿ ಹಿಡಿದು ಹೋಗುವ ರೈತನು ಶಾಲೆಯ ಮಗುವಲ್ಲ. ಆಣೆಗಿದ್ದಂತಹ ಗಡುವಾಗಲಿ, ಕೋಷ್ಟಕವಾಗಲಿ ಅವನ ಭಾಷೆಗೆ ದೊರೆಯಲಿಲ್ಲವೆಂದೇ ನನ್ನ ಅಭಿಪ್ರಾಯ.

ಕೇರಳದ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸಬಹುದೆಂದು ಆ ರಾಜ್ಯದ ಅಧಿಕೃತ ಭಾಷೆಗಳ ಕಾಯಿದೆ ಹೇಳಿದ್ದು 1969ರಲ್ಲಿ. ಆ ವೇಳೆಗೆ ಹೊಸ ನಾಣ್ಯದ ಹೆಸರಿನಿಂದ ‘ನಯಾ’ ಎಂಬುದನ್ನು ಕೈಬಿಟ್ಟು ಐದು ವರುಷ ಸಂದಿದ್ದವು.