ಕಾಣಿಕೆ: ಕಾಣುವವರು ಯಾರು?

‘ಕಾಣು’ ಎಂಬ ಧಾತುವಿನಿಂದ ಹುಟ್ಟಿದ ಮಾತು ಕಾಣಿಕೆ. ದೊರೆಯನ್ನೋ ಗುರುವನ್ನೋ ಕಾಣಲು ಬರಿಗೈಯಲ್ಲಿ ಹೋಗುವ ರೂಢಿ ಇರಲಿಲ್ಲ. ಒಯ್ದು ಮುಂದಿಟ್ಟದ್ದೇ ಕಾಣಿಕೆ. ತಮಿಳರಿಗೆ ಅದು ಕಾಣಿಕ್ಕೈ, ತೆಲುಗರಿಗೆ ಕಾನುಕ. ಗುಡಿಯ ಹುಂಡಿಗೆ ಬಿದ್ದದ್ದೂ ಕಾಣಿಕೆ, ಹರಕೆ ತಪ್ಪಿದವರು ಒಪ್ಪಿಸುವುದು ತಪ್ಪುಕಾಣಿಕೆ. ಕನ್ನಡ ಕ್ರೈಸ್ತರಿಗಂತೂ ಇದು ವಾರವಾರದ ಮಾತು.

ಭಾನುವಾರದ ಆರಾಧನೆಯಲ್ಲಿ ಹಾಡು ನಡೆಯುತ್ತಿರುವಾಗಲೇ ಕಾಣಿಕೆ ಚೀಲ ಸಾಲಿನಿಂದ ಸಾಲಿಗೆ ಸಾಗುತ್ತದೆ. ತಟ್ಟೆಗಿಂತ ಈ ಬಟ್ಟೆಯ ಚೀಲವೇ ಮೇಲು. ಮುಚ್ಚಿದ ಮುಷ್ಟಿ ಒಳಗೆ ಹೋಗುತ್ತದೆ, ಬರಿದಾಗಿ ಹೊರಬರುತ್ತದೆ. ಹಾಕಿದ್ದು ನೂರರ ನೋಟೋ ಎರಡು ರೂಪಾಯಿಯ ನಾಣ್ಯವೋ ಪಕ್ಕದವರಿಗೂ ತಿಳಿಯದು. ‘ಕಾಣು’ವಿನಿಂದ ಬಂದ ಮಾತು ಇಲ್ಲಿ ಕಾಣದಂತೆ ಕೊಡುವುದಕ್ಕೆ ಹೆಸರಾಗಿದೆ.

ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ದಾನ, ಪ್ರಾರ್ಥನೆ, ಉಪವಾಸ ಮೂರಕ್ಕೂ ಒಂದೇ ಎಚ್ಚರಿಕೆ ಹೇಳುತ್ತಾನೆ: ಜನ ನೋಡಲೆಂದು ಮಾಡಬೇಡಿ. ಹಾಗೆ ಮಾಡಿದವರಿಗೆ ಬರಬೇಕಾದ ಫಲ ಆಗಲೇ ಬಂದಾಯಿತು ಎನ್ನುವಲ್ಲಿ ಮೂಲದಲ್ಲಿರುವ ಗ್ರೀಕ್ ಪದ ‘ಅಪೆಖೋ’. ಆ ಕಾಲದ ವ್ಯಾಪಾರಿಗಳೂ ತೆರಿಗೆಯವರೂ ರಶೀದಿಯಲ್ಲಿ ‘ಪೂರ್ತಿ ಸಂದಿದೆ’ ಎಂದು ಬರೆಯುತ್ತಿದ್ದದ್ದು ಇದೇ ಪದದಿಂದ. ಈಜಿಪ್ಟಿನ ಪಪೈರಸ್ ಹಾಳೆಗಳನ್ನೂ ಮಡಕೆ ಚೂರುಗಳನ್ನೂ ಓದಿ ಜರ್ಮನ್ ವಿದ್ವಾಂಸ ಅಡಾಲ್ಫ್ ಡೈಸ್‌ಮನ್ 1908ರ ತಮ್ಮ ಗ್ರಂಥದಲ್ಲಿ ಇದನ್ನು ತೋರಿಸಿಕೊಟ್ಟರು. ಚಪ್ಪಾಳೆ ಸಿಕ್ಕಿತು, ಲೆಕ್ಕ ಚುಕ್ತಾ!

ಯೆರೂಸಲೇಮಿನ ದೇವಾಲಯದಲ್ಲಿ ಕಾಣಿಕೆಗೆಂದು ತುತ್ತೂರಿಯ ಆಕಾರದ ಹದಿಮೂರು ಪೆಟ್ಟಿಗೆಗಳಿದ್ದವೆಂದು ಯೆಹೂದ್ಯರ ಮಿಷ್ನಾ ಗ್ರಂಥ ಹೇಳುತ್ತದೆ. ಅದೇ ಗ್ರಂಥ ಅಲ್ಲಿದ್ದ ಗುಪ್ತದಾನದ ಕೋಣೆಯೊಂದನ್ನೂ ನೆನೆಯುತ್ತದೆ. ದೈವಭಕ್ತರು ಯಾರಿಗೂ ತಿಳಿಯದಂತೆ ಅಲ್ಲಿ ಇಟ್ಟು ಹೋಗುವರು. ಒಳ್ಳೆಯ ಮನೆತನದಲ್ಲಿ ಹುಟ್ಟಿ ಬಡವರಾದವರ ಜೀವನ ಅದರಿಂದಲೇ ಗುಟ್ಟಾಗಿ ಸಾಗುವುದು. ಕೊಟ್ಟವರ ಹೆಸರಿಗಿಂತ ಪಡೆದವರ ಮಾನ ದೊಡ್ಡದೆಂದು ಬಲ್ಲವರು ಕಟ್ಟಿದ ಏರ್ಪಾಡು ಅದು. ಗೋಡೆಗಲ್ಲಿನಿಂದ ಹಿಡಿದು ಫ್ಯಾನಿನ ರೆಕ್ಕೆಯವರೆಗೆ ದಾನಿಗಳ ಹೆಸರು ಬರೆಸುವ ಎಲ್ಲ ಆಲಯಗಳೂ ಅದನ್ನು ನೆನೆಯಬೇಕು.

ಆ ದೇವಾಲಯದಲ್ಲೇ ಬಡ ವಿಧವೆಯೊಬ್ಬಳು ಎರಡು ಪುಡಿಗಾಸು ಹಾಕಿದ್ದು. ಮಾರ್ಕನೂ ಲೂಕನೂ ಈ ಕಥೆ ಹೇಳುತ್ತಾರೆ, ಇಬ್ಬರೂ ಅವಳ ಹೆಸರು ಹೇಳುವುದಿಲ್ಲ. ಎದುರಿಗೆ ಕುಳಿತು ನೋಡುತ್ತಿದ್ದ ಯೇಸು ಶಿಷ್ಯರನ್ನು ಕರೆದು ಅವಳ ಕಾಣಿಕೆಯೇ ಎಲ್ಲರದಕ್ಕಿಂತ ಹೆಚ್ಚೆಂದ. ಅವಳನ್ನು ಕರೆಯಲಿಲ್ಲ. ಕಾಣುವವನು ಕಂಡಿದ್ದ, ಕಂಡದ್ದು ಅವಳಿಗೆ ತಿಳಿಯಿತೆಂದು ಸುವಾರ್ತೆಯಲ್ಲಿ ಎಲ್ಲೂ ಇಲ್ಲ.

ನಮ್ಮ ಕಾಲದಲ್ಲಿ ಹೀಗೆ ಕಾಣದಂತೆ ಕೊಡುವುದಕ್ಕೆ ಹತ್ತಿರ ಬಂದವರು ಅಮೆರಿಕದ ಐರಿಷ್ ಕ್ಯಾಥೊಲಿಕ್ ಮನೆತನದ ಚಕ್ ಫೀನಿ. ಡ್ಯೂಟಿ ಫ್ರೀ ಅಂಗಡಿಗಳಿಂದ ಗಳಿಸಿದ್ದನ್ನು ಹಂಚಲು 1982ರಲ್ಲಿ ದತ್ತಿ ಸಂಸ್ಥೆ ಕಟ್ಟಿದರು. ಹಣ ಎಲ್ಲಿಂದ ಬಂತೆಂದು ಪಡೆದವರು ಬಾಯಿ ಬಿಡುವಂತಿರಲಿಲ್ಲ. ಯಾವ ಕಟ್ಟಡದ ಮೇಲೂ ತಮ್ಮ ಹೆಸರು ಬೇಡವೆಂದರು. 1997ರಲ್ಲಿ ಗುಟ್ಟು ಹೊರಬಿತ್ತು. 2020ರಲ್ಲಿ ಸಂಸ್ಥೆ ಕೆಲಸ ಮುಗಿಸುವ ಹೊತ್ತಿಗೆ ಸುಮಾರು 800 ಕೋಟಿ ಡಾಲರ್ ಕೊಟ್ಟಾಗಿತ್ತು. ಕೊನೆಕೊನೆಗೆ ಫೀನಿ ತಾವೇ ಬಹಿರಂಗವಾಗಿ ಮಾತಾಡಿ, ಬದುಕಿರುವಾಗಲೇ ಕೊಡಿರೆಂದು ಉಳಿದ ಸಿರಿವಂತರನ್ನು ಹುರಿದುಂಬಿಸಿದರು. ಅದೂ ತಪ್ಪಲ್ಲ; ದೀಪವನ್ನು ಕೊಳಗದ ಕೆಳಗಿಡಬೇಡಿರೆಂದು ಹೇಳಿದವನೂ ಅದೇ ಯೇಸು.

ಇಷ್ಟು ದೊಡ್ಡ ಮೊತ್ತವನ್ನು ಹೆಚ್ಚು ಕಾಲ ಬಚ್ಚಿಡುವುದು ಕಷ್ಟ. ಹಿಡಿ ಅಕ್ಕಿಗೆ ಆ ತೊಂದರೆಯಿಲ್ಲ. ಮಿಜೋರಾಂನ ಪ್ರೆಸ್ಬಿಟೇರಿಯನ್ ಮನೆಗಳಲ್ಲಿ ಅನ್ನಕ್ಕಿಡುವಾಗ ಪ್ರತಿ ಸಲ ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ. 1910ರಲ್ಲಿ ಶುರುವಾದ ಈ ರೂಢಿಗೆ ಅವರು ಕೊಟ್ಟ ಹೆಸರು ‘ಬುಹ್‌ಫಾಯ್ ಥಾಮ್’. ಸಂಗ್ರಹಿಸಿದ ಅಕ್ಕಿಯನ್ನು ಸಭೆ ಮಾರುತ್ತದೆ. ಅದರಿಂದ ಈಗ ವರ್ಷಕ್ಕೆ ಬರುವ ಕೋಟ್ಯಂತರ ರೂಪಾಯಿ ಸುವಾರ್ತಾ ಸೇವೆಗೆ ಸಲ್ಲುತ್ತದೆ.